ಮ್ಯಾಲೆ ಬಂದ ಮ್ಯಾಲೆ

ಅಂಗೈಯಾಗ ಹಿಡಿಸುವಷ್ಟ ಇತ್ತು.
ಕಿತ್ತಳೆ ಬಣ್ಣ, ಹೊಸಾ ಸಾಬೂನಿನ ತೂಕ.
ನೀರೊಳಗ ಇದು ಮೂಕ, ಅಂದ ಇಲಾಖೆಯ ಹುಡುಗ.
ಮ್ಯಾಲೆ ಬಂದು, ಮುಚ್ಚಳ ಮುರಿದು,
ಆಂಟೆನಾ ನೆಟ್ಟಗ ಮಾಡಿ ಕೆಂಪು ಗುಂಡಿ ಒತ್ತಬೇಕು.
ಆಗ ಉಪಗ್ರಹಕ್ಕ ಕೇಳತೈತಿ.
ಯಮನಪ್ಪ ಕಾಕಾ ನಕ್ಕ:
'ಮ್ಯಾಲೆ ಬಂದ ಮ್ಯಾಲೆ ನಾನೇ ಒದರತೀನಲ್ಲೋ ತಮ್ಮಾ,
ಇದ್ಯಾಕ?'

ನನ್ನ ಕೈಯಾಗ ಹನ್ನೊಂದು ವರ್ಷದಿಂದ ಹಗ್ಗ.
ಒಂದು ಜಗ್ಗಿದರ, ಆರಾಮ ಇದ್ದೀನಿ.
ಎರಡು, ಸಡ್ಲ ಬಿಡು.
ನಾಕು, ಎಳಿ, ಯಾರನ್ನೂ ಕೇಳಬ್ಯಾಡ ಎಳಿ.
ಐದಕ್ಕ ಅರ್ಥ ಇರಲಿಲ್ಲ.
ಒಮ್ಮೆ ಐದು ಜಗ್ಗಿದ್ದ. ಜೀವ ಬಾಯಿಗೆ ಬಂದಿತ್ತು ನನಗ.
ಮ್ಯಾಲೆ ಬಂದು,
'ಎಲಿಅಡಿಕಿ ಚೀಲ ತಂದಿಯೇನಂತ ಕೇಳಿದ್ನೆವ್ವಾ' ಅಂದ.

ಫಾರ್ಮಿನಾಗ ವಿಳಾಸ ಇತ್ತು:
ನವನಗರ, ಸೆಕ್ಟರ್ ನಲವತ್ತೈದು, ಬರದೆ.
ತುರ್ತಿಗೆ ಯಾರಿಗೆ ಫೋನು? ನನ್ನ ನಂಬರ್ ಹಾಕಿದೆ.
ಸಂಬಂಧ?
'ಹಗ್ಗ ಅಂತ ಬರಿ' ಅಂದ ಕಾಕಾ.
ಅಣ್ಣನ ಮಗಳು ಅಂತ ಬರದೆ.

ಭಾದ್ರಪದ. ಆಲಮಟ್ಟಿ ತುಂಬಿ
ಘಟಪ್ರಭೆ ಬಂದ ದಾರಿಗೇ ಹಿಂದಕ್ಕ ಸರಿಯುವ ಹೊತ್ತು.
ಜಾಕ್‌ವೆಲ್ಲಿನ ಜಾಳಿಗಿಗೆ ಯಾರದೋ ಬಲಿ ಸುತಗೊಂಡು
ಮೂರು ದಿನ ನಳ ಬಂದಿರಲಿಲ್ಲ ಊರಿಗೆ.
ಸಂಜಿ ಐದೂವರಿಗೆ ಚೂರಿ ಹಿಡಿದು ಇಳಿದ.
ಒಂದು ಜಗ್ಗು. ಸ್ವಲ್ಪ ತಡೆದು, ಎರಡು.
ಆಮ್ಯಾಲೆ ಹಗ್ಗ ಹಗುರಾತು.
ಎಳೆದೆ. ಬಂತು, ಸುಮ್ಮನ ಬಂತು,
ತುದಿಯಾಗ ಬಲಿಯ ನಾಕು ಎಳಿ.
ಬಲಿ ಕೊಯ್ಯುವಾಗ ಕೆಸರುನೀರಾಗ ಕಾಣದ
ತನ್ನ ಹಗ್ಗಾನೂ ಕೊಯ್ದಿದ್ದ.

ಗುಳ್ಳಿ ಹುಡುಕಿದೆ. ನೀರೆಲ್ಲಾ ಒಂದೇ ನಮೂನಿ.

ಏಳೂ ಹತ್ತಕ್ಕ ಫೋನು.
ಎಲ್ಲಿಯದೋ ಹೆಣ್ಣುದನಿ, ಪುಸ್ತಕದ ಕನ್ನಡ:
ನಿಮ್ಮ ಹೆಸರು ನೋಂದಾಯಿಸಿದ ಸಾಧನದಿಂದ ಸಂಕೇತ ಬಂದಿದೆ.
ಹದಿನಾರು ಡಿಗ್ರಿ ಹನ್ನೊಂದು ನಿಮಿಷ ಉತ್ತರ,
ಎಪ್ಪತ್ತೈದು ಡಿಗ್ರಿ ನಲವತ್ತೆರಡು ನಿಮಿಷ...
ಆಮ್ಯಾಲಿನ ಸೆಕೆಂಡು, ಪಾಯಿಂಟು, ಎಲ್ಲಾ
ಹರಗೋಲಿನ ತಳದ ರಾಡಿಯಾಗ ಬೆರಳಿಂದ ಬರಕೊಂಡೆ.
ಮೊಬೈಲಿಗೆ ಹಾಕಿದರ
ಬರೇ ನೀಲಿ. ನೀಲಿಯಾಗ ಒಂದು ಚುಕ್ಕಿ.
ಹೆಸರಿಲ್ಲ, ಓಣಿಯಿಲ್ಲ, ದಾರಿಯಿಲ್ಲ.

ಅವ್ವ ದಂಡಿಗೆ ಬಂದು ನಿಂತಿದ್ಲು.
ಆಕಿಗೆ ಅಂಕಿ ಓದಾಕ ಬರೂದಿಲ್ಲ.
'ರೈಲಿನ ಸೇತುವಿ ಯಾವ ಕಡೆ ಇದರಾಗ?
ಕಿಲ್ಲಾ ಯಾವ ಕಡೆ?'
ತೋರಿಸಿದೆ. ಗೇಣು ಹಾಕಿದ್ಲು ಗಾಜಿನ ಮ್ಯಾಲೆ,
ಸೀರಿ ಅಂಗಡಿಯಾಗ ಅಳತಿ ಹಿಡಿಯುವಂಗ.
'ಇದು ಹುಂಡೇಕಾರರ ಹಿಟ್ಟಿನ ಗಿರಣಿ.
ಬಾಜೂಕ ನಾವು ಕೊಡದ ಪಾಳಿ ಹಚ್ಚತಿದ್ದ ನಳ.
ಗಿರಣಿ ತುಸು ದಿಬ್ಬದ ಮ್ಯಾಲಿತ್ತು,
ನಿಲ್ಲಾಕ ಜಾಗಾ ಸಿಕ್ಕಿರತೈತಿ ಅವಗ.
ಅಳಬ್ಯಾಡ, ಹುಟ್ಟು ಹಾಕು.'

ಮಿಂಚು ಮೊದಲು ಕಂಡಿತು,
ಕಣ್ಣು ಪಿಳುಕಿಸುವಷ್ಟೇ, ಮತ್ತ, ಮತ್ತ.
ಗಿರಣಿಯ ಕೊಳವಿಗೆ ಒಂದು ತೋಳು ಸುತ್ತಿ
ಎದಿಮಟ ನೀರಾಗ ಕಾಕಾ,
ಇನ್ನೊಂದು ಕೈಯಾಗ ಕಿತ್ತಳೆ ಡಬ್ಬಿ,
ಆಂಟೆನಾ ಮ್ಯಾಲಕ್ಕ, ಊದಿನಕಡ್ಡಿ ಹಿಡಿದಂಗ.
ಒದರಿ ಒದರಿ ದನಿ ಬಿದ್ದು ಹೋಗಿತ್ತು.
ಹರಗೋಲಿನ ಅಂಚಿನಿಂದ ನನ್ನ ಮಣಿಕಟ್ಟು ಹಿಡಿದು ಜಗ್ಗಿದ.
ಎಣಿಸಿದೆ. ಐದು.
ತಂದಿರಲಿಲ್ಲ.

ಮುಂದಿನ ವಾರ ಕಚೇರಿಯಾಗ ಕಾರಕೂನ ಕೇಳಿದ:
ಸೀಲು ಯಾರು ಮುರಿದವರು? ಬ್ಯಾಟರಿ ಬದಲಿಸುವ ಖರ್ಚು
ಯಾವ ಲೆಕ್ಕಕ್ಕ ಹಾಕಬೇಕು ನಾನು?
ಘಟನಾ ಸ್ಥಳ ಖಾಲಿ ಬಿಟ್ಟೀರಿ.
ಅವ್ವ ಹೇಳಿದ್ಲು, ನಾ ಬರದೆ:
ಹುಂಡೇಕಾರರ ಗಿರಣಿ, ನಳದ ಬಾಜೂಕ.
ಆತ ಅದರ ಮ್ಯಾಲೆ ಕೆಂಪು ಗೀಟು ಎಳೆದು
ಜಲಾಶಯ ಅಂತ ಬರಕೊಂಡ.