ನಲವತ್ತು ಸೆಕೆಂಡು ಹಿಂದೆ

ಅರಕಲಗೂಡಿನ ಹೊರವಲಯ. ಸಬ್‌ಸ್ಟೇಷನ್ನಿನಲ್ಲಿ
ರಾತ್ರಿ ಪಾಳಿ ನನ್ನದು.
ಐದು ಫೀಡರು, ಐದು ಮುಳ್ಳು, ಒಂದು ಉದ್ದನೆ ಲಾಗ್‌ಬುಕ್ಕು,
ತಂತಿಬೇಲಿಯಾಚೆ ರಾಗಿ ಹೊಲ, ಅದರಾಚೆ ಊರು.

ಊರಿನವರು ಟೀವಿಯಲ್ಲಿ ನೋಡುತ್ತಾರೆ.
ನನಗೆ ಗಾಜು ಸೀಳಿದ ಈ ಮೊಬೈಲು,
ಅದೂ ನಲವತ್ತು ಸೆಕೆಂಡು ಹಿಂದೆ.

ಏನಾಗುತ್ತದೆಂದರೆ,
ಇಲ್ಲಿ ನನ್ನ ಅಂಗೈಯಲ್ಲಿ ಬೌಲರು ಇನ್ನೂ
ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿರುತ್ತಾನೆ,
ಅಲ್ಲಿ ಕೋಟೆ ಬೀದಿಯಿಂದ ಹೋ ಎಂಬ ಸದ್ದು
ಹೊಲ ದಾಟಿ ಬಂದೇಬಿಡುತ್ತದೆ.
ಆಗಿಹೋದದ್ದು ನನಗಿನ್ನೂ ಆಗಬೇಕು.

ಮೊದಮೊದಲು ಸಿಟ್ಟು ಬರುತ್ತಿತ್ತು.
ಕಿವಿಗೆ ಹತ್ತಿ ತುರುಕಿಕೊಂಡು ನೋಡಿದೆ
ಇಡೀ ಒಂದು ವಿಶ್ವಕಪ್ಪು.
ಈಗ ಸದ್ದಿನ ಕುಲಗೋತ್ರ ಬಲ್ಲೆ:
ಬೌಂಡರಿಯ ಕೂಗು ಉದ್ದ, ತೆಳು, ಬಟ್ಟೆ ಹರಿದ ಹಾಗೆ;
ಸಿಕ್ಸರಿಗೆ ಎರಡು ಮೆಟ್ಟಿಲು, ಚೆಂಡು ಎದ್ದಾಗೊಂದು, ಬಿದ್ದಾಗೊಂದು.
ನಮ್ಮವನು ಔಟಾದರೆ ಸದ್ದೇ ಇಲ್ಲ,
ಎಲ್ಲೋ ಒಂದು ನಾಯಿ ಬೊಗಳುವುದು ಕೇಳುತ್ತದೆ.
ಅಷ್ಟೂ ಹೊತ್ತು ಅದು ಬೊಗಳುತ್ತಲೇ ಇತ್ತೇನೋ.

ಹೀಗೆ ಒಂದೇ ಹೊಡೆತ ನನಗೆ ಎರಡು ಸಲ ಸಿಕ್ಕುತ್ತದೆ,
ಕಿವಿಗೆ ಮೊದಲು, ಕಣ್ಣಿಗೆ ಆಮೇಲೆ.
ನಡುವಿನ ನಲವತ್ತು ಸೆಕೆಂಡು
ಬಾಯಲ್ಲಿಟ್ಟ ಕೊಬ್ಬರಿ ಮಿಠಾಯಿ;
ಕಡಿಯುವುದಿಲ್ಲ, ಚೀಪುತ್ತೇನೆ.

ಆ ಶನಿವಾರ ನ್ಯೂಜಿಲೆಂಡಿನ ಮೇಲೆ.
ಆಟ ಬರ್ಮಿಂಗ್‌ಹ್ಯಾಮಿನಲ್ಲಿ, ಅಲ್ಲಿನ್ನೂ ಇಳಿಬಿಸಿಲು,
ಇಲ್ಲಿ ಹತ್ತೂ ಐವತ್ತು.
ದೊಡ್ಡಮಗ್ಗೆ ಫೀಡರಿನ ಸರದಿ ಹತ್ತೂವರೆಗೇ ಮುಗಿದಿತ್ತು,
ನಾನು ತೆಗೆದಿರಲಿಲ್ಲ.
ದೊಡ್ಡಮಗ್ಗೆಯಲ್ಲೂ ಮನುಷ್ಯರಿದ್ದಾರೆ.
ಲೈನ್‌ಮನ್ ಧರಣಪ್ಪ ಡಬ್ಬಿ ಮುಚ್ಚಿಟ್ಟು
ಸಾರಿನ ಕೈಯಲ್ಲೇ ಕೂತಿದ್ದ;
ಎದ್ದರೆ ವಿಕೆಟ್ಟು ಬೀಳುತ್ತದಂತೆ.

ಮೂರು ಚೆಂಡಿಗೆ ಏಳು.
ಹೊಲದಾಚೆ ಬಟ್ಟೆ ಹರಿಯಿತು. ಕಾದೆವು. ನಾಲ್ಕು.
ಎರಡು ಚೆಂಡಿಗೆ ಮೂರು.
ಆಮೇಲೆ
ಏನೂ ಇಲ್ಲ.
ನಾಯಿ.

‘ಹೋಯ್ತು ಬುಡಿ ಸಾ’ ಅಂದ ಧರಣಪ್ಪ,
ಕೈ ತೊಳೆಯಲು ಕೊಳಾಯಿಗೆ ಹೋದ.
ನಾನು ಸುಮ್ಮನೆ ನೋಡುತ್ತಿದ್ದೆ,
ತಿಥಿಯ ದಿನ ಫೋಟೋ ನೋಡುವ ಹಾಗೆ.
ಬೌಲರು ಓಡಿ ಬಂದ. ನಮ್ಮ ಹುಡುಗ
ಮುಂಗಾಲು ಸರಿಸಿ ಬೀಸಿದ.
ಚೆಂಡು ಏರಿತು, ಏರುತ್ತಲೇ ಇತ್ತು,
ಮೂರನೆಯ ಸಾಲಿನಲ್ಲಿ ಯಾರದೋ ಬಿಯರಿನ ಲೋಟಕ್ಕೆ ಬಿತ್ತು.

ಗೆದ್ದೆವು.
ಮತ್ತೆ ಊರೇಕೆ ಸುಮ್ಮನಿದೆ?

ತಲೆ ಎತ್ತಿದೆ.
ಟೌನ್ ಫೀಡರಿನ ಮುಳ್ಳು
ಸೊನ್ನೆಯ ಮೇಲೆ ಹಾಯಾಗಿ ಮಲಗಿತ್ತು.
(ಬೆಲ್ಲು ಕೆಟ್ಟು ಮೂರು ತಿಂಗಳು. ಹಾಸನಕ್ಕೆ ಎರಡು ಪತ್ರ ಬರೆದಿದ್ದೇನೆ.)

ಎದ್ದುಬಿದ್ದು ಹೋಗಿ ಹ್ಯಾಂಡಲು ತಿರುಗಿಸಿದೆ. ಧಡ್. ನಿಂತಿತು.
ಹೊಲದಾಚೆ ಊರು ಬೀದಿ ಬೀದಿಯಾಗಿ ಹೊತ್ತಿಕೊಂಡಿತು.
ಆದರೆ ಟೀವಿಯ ಡಬ್ಬಗಳು ಎದ್ದು ಕಣ್ಣುಜ್ಜಿಕೊಂಡು
ಚಿತ್ರ ತರಬೇಕಾದರೆ ಎರಡು ನಿಮಿಷ ಬೇಕು.
ಮೊಬೈಲು ಹುಡುಕಿದವರಿಗೆ ಮೊದಲು ಸಿಮೆಂಟಿನ ಜಾಹೀರಾತು.

ಆಫೀಸಿನ ಫೋನು ಬಡಿದುಕೊಂಡಿತು.
ಪೇಟೆ ಬೀದಿಯ ಸುಲೋಚನ ಟೀಚರು;
ಕರೆಂಟು ಹೋದರೆ ವಿಭಕ್ತಿ ತಪ್ಪದಂತೆ ಬೈಯುವವರು.
‘ಕರೆಂಟಿನ ಮನೆ ಹಾಳಾಗಲಿ, ಏನಾಯ್ತೋ?’

ಹನ್ನೊಂದು ವರ್ಷದ ಕೆಲಸದಲ್ಲಿ ಮೊದಲ ಸಲ
ಇಡೀ ಊರಿಗಿಂತ ನಾನು ಮುಂದಿದ್ದೆ.
ಬಾಗಿಲಲ್ಲಿ ಧರಣಪ್ಪ, ಒದ್ದೆ ಕೈ, ಅವನೂ ನೋಡಿಲ್ಲ.
ಒಂದೇ ಮಾತಲ್ಲಿ ಹೇಳಿ ಮುಗಿಸಬಹುದಿತ್ತು.

ಕುರ್ಚಿ ಎಳೆದುಕೊಂಡೆ.
‘ಕೇಳಿ ಮೇಡಂ, ಎರಡು ಚೆಂಡಿಗೆ ಮೂರು.
ಬೌಲರು ಈಗಿನ್ನೂ
ಚೆಂಡನ್ನ ಪ್ಯಾಂಟಿಗೆ ಉಜ್ಜುತ್ತಾ ಇದ್ದಾನೆ...’