ಹಾಲಿನ ಬಿಲ್ಲೆ

ರೈಸ್ವೈಕ್, ಏಳನೆಯ ಮಹಡಿ, ಮಂಗಳವಾರ.
ಕಿಟಕಿಯಾಚೆ ತಿರುವಿನಲ್ಲಿ ಟ್ರಾಮು ಕೀರಲುತ್ತದೆ.
ಮೇಜಿನ ಮೇಲೆ ನಲವತ್ತೊಂದು ಪುಟದ ಪೇಟೆಂಟ್ ಅರ್ಜಿ:
‘ದ್ರವಪಾತ್ರೆಯೊಳಗೆ ಇರಿಸಲಾಗುವ, ಕಂಪನಶೀಲವಾದ,
ಕುದಿತವನ್ನು ಮುಂಚಿತವಾಗಿ ಸಾರುವ ಒಂದು ಅಂಗ;
ಸದರಿ ಅಂಗವು ಸದರಿ ಪಾತ್ರೆಯ ಸದರಿ ತಳದಲ್ಲಿ...’

ಸದರಿ, ಸದರಿ, ಸದರಿ.
ಹತ್ತೊಂಬತ್ತು ವರ್ಷದಿಂದ ಓದುತ್ತಿದ್ದೇನೆ ಈ ಭಾಷೆ.
ಇದರಲ್ಲಿ ಯಾರೂ ಯಾರನ್ನೂ ಊಟಕ್ಕೆ ಕರೆದದ್ದಿಲ್ಲ.

ಕಳೆದ ತಿಂಗಳು ಬಾಗಿಲು ತೆರೆದರೆ ಬೆಳಗುವ ದೀಪ ಬಂದಿತ್ತು,
ಅದಕ್ಕೂ ಮುಂಚೆ ಮೂಲೆ ಉರುಟು ಮಾಡಿದ ಡಬ್ಬಿ.
ಹೆಸರಿಟ್ಟವರೇ ಹೆತ್ತವರೆ?
ಈ ಸಲ ಹದಿನಾಲ್ಕು ಚಿತ್ರ, ಬಾಣಕ್ಕೊಂದು ಸಂಖ್ಯೆ,
ಮೂಗಿಗಿಂತ ಮೂಗುತಿ ಭಾರ.
ಬಿಡಿಸುತ್ತ ಹೋದರೆ ಕೊನೆಗೆ ಸಿಕ್ಕುವುದು
ಅಂಗೈಯಗಲದ ಒಂದು ಬಿಲ್ಲೆ.
ಹಾಲಿನ ತಳದಲ್ಲಿ ಕೂತು ಉಕ್ಕುವ ಮೊದಲು ಗಡಗಡಿಸುತ್ತದೆ,
ಆಮೇಲೆ ಫೋನಿಗೊಂದು ಸುದ್ದಿ ಕಳಿಸುತ್ತದೆ.

ನನಗೆ ಗೊತ್ತು ಈ ಬಿಲ್ಲೆ.

ಡೊಕ್ಕಮ್ ಆಚೆ, ಸಮುದ್ರದ ಒಡ್ಡಿನ ಕೆಳಗೆ,
ಆಫ್ಕೆ ಅಜ್ಜಿಯ ನೀಲಿ ಎನಾಮಲ್ ಪಾತ್ರೆಯಲ್ಲಿ
ದಪ್ಪ ಗಾಜಿನದೊಂದು ಇತ್ತು, ಅಂಚಿನಲ್ಲಿ ಚಕ್ಕೆ ಎದ್ದದ್ದು.
ಹಾಲು ಬಿಸಿಯಾದಂತೆ ಮೊದಲು ಟಿಕ್,
ಆಮೇಲೆ ಟಿಕಟಿಕ,
ಆಮೇಲೆ ಚಳಿ ಹತ್ತಿದವನ ಹಲ್ಲಿನ ಹಾಗೆ ಕಟಕಟಕಟ.
ನಾನು ಮರದ ಮೆಟ್ಟು ಕೈಯಲ್ಲಿ ಹಿಡಿದು
ಅಂಗಳ ದಾಟಿ ಹಟ್ಟಿಗೆ ಓಡುತ್ತಿದ್ದೆ,
ಹಾಲು ಕರೆಯುತ್ತ ಕೂತ ಅಜ್ಜಿಗೆ
‘ಹಾಲು ಕರೀತಿದೆ’ ಎಂದು ಹೇಳಲು.

ಗಾಜು ಒಡೆದ ವರ್ಷ ಅವಳು
ಬಿಳಿ ಸಾಸರೊಂದನ್ನು ಬೋರಲು ಹಾಕಿದಳು.
ಅದೂ ಕರೆಯಿತು.
ಏನು ಕಂಡುಹಿಡಿದೆ ಅಜ್ಜಿ, ಎಂದು ಕೇಳಿದ್ದರೆ
‘ಸಾಸರು’ ಅನ್ನುತ್ತಿದ್ದಳು, ‘ಕಪಾಟಿನ ಹಿಂದೆ ಬಿದ್ದಿತ್ತು.’

ನೆನಪು ದಾಖಲೆಯಲ್ಲ. ಹುಡುಕಿದೆ.
ಹಳೆಯ ಕ್ಯಾಟಲಾಗು ಸಿಕ್ಕಿತು, ತಾರೀಖು ಸಹಿತ.
ಬಿಲ್ಲೆ ಬಿತ್ತು, ಫೋನು ಉಳಿಯಿತು.
‘ಸುದ್ದಿ ಮುಟ್ಟಿಸುವುದೇ ನಮ್ಮ ಹೊಸತು’
ಎಂದು ಬರೆದರು ವಕೀಲ ಓಸ್ಟರ್ಹೋಫ್.
ಹಾಗಾದರೆ ಹಟ್ಟಿಗೆ ಓಡಿದ ನನ್ನ ಎರಡು ಕಾಲು ಏನು?

ನಮ್ಮ ಕಾನೂನಿನಲ್ಲೊಬ್ಬ ಇದ್ದಾನೆ, ಹುಟ್ಟೇ ಇಲ್ಲದವನು.
ಜಗತ್ತಿನ ಕಾಗದವನ್ನೆಲ್ಲ ಓದಿದ್ದಾನೆ,
ಕಲ್ಪನೆ ಮಾತ್ರ ಸಾಸಿವೆ ಕಾಳಿನಷ್ಟೂ ಇಲ್ಲ.
ಅವನಿಗೆ ‘ಇಷ್ಟೇನಾ’ ಅನ್ನಿಸಿದರೆ ಅರ್ಜಿ ಬಿತ್ತು,
ಅವನು ಹುಬ್ಬೇರಿಸಿದರೆ ಇಪ್ಪತ್ತು ವರ್ಷದ ಒಡೆತನ.
ಆ ಹುಬ್ಬು ನನ್ನ ಹಣೆಯ ಮೇಲಿದೆ, ಅದಕ್ಕೇ ನನಗೆ ಸಂಬಳ.
ಅವನ ಮನೆಯಲ್ಲಿ ಎಂದೂ ಹಾಲು ಉಕ್ಕಿಲ್ಲ.

ವಿಚಾರಣೆಯ ದಿನ ವಕೀಲರ ಪಕ್ಕ ಅವಳೂ ಬಂದಿದ್ದಳು,
ಲೀಸೆಲೋರೆ ಟಿಮರ್, ಐಂಡ್‌ಹೋವನ್.
ಮಣಿಕಟ್ಟಿನ ಮೇಲೆ ಹಳೆಯ ಸುಟ್ಟ ಕಲೆ.
ಮೂರು ಗಂಟೆ ಬಾಯಿ ಬಿಡಲಿಲ್ಲ.
ಕಾಫಿ ಯಂತ್ರದ ಬಳಿ, ಹೇಳಬಾರದ ಜಾಗದಲ್ಲಿ, ಹೇಳಿದಳು:
‘ನನ್ನಪ್ಪನಿಗೆ ಕಿವಿ ಕೇಳಿಸದು.
ಗಾಜು ಎಷ್ಟು ಕೂಗಿದರೇನು?
ಅವನ ಜೇಬಿನಲ್ಲಿ ಏನಾದರೂ ನಡುಗಬೇಕಿತ್ತು.’

ನಲವತ್ತೊಂದು ಪುಟ ಮತ್ತೆ ತಿರುವಿದೆ.
ಅಪ್ಪ ಎಲ್ಲೂ ಇಲ್ಲ. ಕಿವಿ ಎಲ್ಲೂ ಇಲ್ಲ.
ವ್ಯಾಪ್ತಿ ಕಿರಿದಾಗುತ್ತದೆಂದು ತೆಗೆಸಿದ್ದರಂತೆ ವಕೀಲರು.
ಲೋಕದ ಹಾಲಿಗೆಲ್ಲ ಬೇಲಿ ಹಾಕುವ ಭರದಲ್ಲಿ
ಒಬ್ಬ ಮುದುಕನನ್ನು ಹೊರಗೆ ನಿಲ್ಲಿಸಿದ್ದರು.

ತಿರಸ್ಕರಿಸಿದೆ. ಕಾರಣ ಬರೆದೆ, ಒಂಬತ್ತು ಪುಟ,
ಸದರಿ, ಸದರಿ.
ತಪ್ಪಿಲ್ಲ ಅದರಲ್ಲಿ. ಥೈಸ್ ಕೂಡ ಸಹಿ ಹಾಕಿದ.

ರಾತ್ರಿ ಹಾಲಿಟ್ಟು, ಸಾಸರು ಬೋರಲು ಹಾಕಿ,
ಎರಡೂ ಕಿವಿಗೆ ಹತ್ತಿ ತುರುಕಿ
ಗೋಡೆಗೆ ಮುಖ ಮಾಡಿ ನಿಂತೆ.
ಎಷ್ಟು ಹೊತ್ತು ಕರೆಯಿತೋ.
ಸೀದ ವಾಸನೆ ಬಂದಾಗ ತಿರುಗಿದೆ:
ಒಲೆಯ ತುಂಬ ಕಂದು ನೊರೆ,
ಪಾತ್ರೆಯೊಳಗೆ ಸಾಸರು
ಇನ್ನೂ ಕುಣಿಯುತ್ತಿತ್ತು.