ನಲವತ್ತು ನಿಮಿಷದ ಪೀರಿಯಡ್ಡು

ಎರಡು ವರ್ಷ ಬೀರುವಿನಲ್ಲೇ ಇತ್ತು ಪ್ರೊಜೆಕ್ಟರು,
ಹಳೇ ಟವೆಲ್ಲು ಹೊದ್ದು, ಬಾಣಂತಿಯ ಹಾಗೆ.
'ಕೆಟ್ಟರೆ ಯಾರಮ್ಮ ಲೆಕ್ಕ ಕೊಡೋರು' ಅಂತ
ಹಾಲೇಶಪ್ಪ ಹೆಡ್ಮಾಸ್ತರರು
ಬೀಗದ ಕೈಯನ್ನು ಉಡುದಾರಕ್ಕೇ ಕಟ್ಟಿಕೊಂಡಿದ್ದರೇನೋ.
ಅವರು ರಿಟೈರಾದ ಜೂನಿನಲ್ಲಿ
ಅದು ನನ್ನ ಕೈಗೆ ಬಂತು, ಇನ್ನೂ ಬೆಚ್ಚಗೆ.

ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಒಂದೂವರೆ ಮೈಲಿ ನಮ್ಮ ಶಾಲೆ.
ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿರುತ್ತಾರೆ,
ಉಳಿದರ್ಧದಲ್ಲಿ ನಾನು, ಲಾರಿ, ಎಮ್ಮೆ.
ಶುಂಠಿ ತುಂಬಿದ್ದ ಗೋಣಿಚೀಲ ಬಿಚ್ಚಿ
ಕಿಟಕಿಗೆ ಇಳಿಬಿಟ್ಟು ಕತ್ತಲೆ ಮಾಡಿದೆ.
ಘಾಟು ವಾಸನೆಯ ನಡುವೆ ಗೋಡೆಗೆ ಹೃದಯ ಬಂತು,
ಎಮ್ಮೆಯಷ್ಟು ದೊಡ್ಡದು, ಲಬ್‌ಡಬ್ ಅನ್ನುತ್ತಾ,
ಒಂದು ಕಡೆ ಕೆಂಪು, ಒಂದು ಕಡೆ ನೀಲಿ.

ಎಂಥ ಮೌನ!
ಏಳನೇ ಕ್ಲಾಸು ಹಾಗೆ ಕೂತಿದ್ದನ್ನು
ಹನ್ನೊಂದು ವರ್ಷದ ಸರ್ವೀಸಿನಲ್ಲಿ ಕಂಡಿರಲಿಲ್ಲ.
ಅದನ್ನೇ ಪಾಠ ಅಂದುಕೊಂಡೆ.
ಸಿ.ಆರ್.ಪಿ. ಬಂದು ಫೋಟೊ ಹೊಡೆದುಕೊಂಡು ಹೋದರು,
ಮಕ್ಕಳದಲ್ಲ, ಗೋಡೆಯದು.

ಗುರುವಾರ ರೋಜಾಬಾಯಿ ಮೊಣಕಾಲು ತರಚಿಕೊಂಡು ಬಂದಳು.
ಒರೆಸಲು ಬಿಡಲಿಲ್ಲ.
'ಕೆಂಪು ಬಂತು ಮಿಸ್. ನೀಲಿ ಯಾವಾಗ ಬರುತ್ತೆ?'
ಯಾರೂ ನಗಲಿಲ್ಲ. ಎಲ್ಲರೂ
ನನ್ನ ಮುಖವನ್ನೇ ನೋಡುತ್ತಿದ್ದರು,
ಅವರಿಗೂ ಅದೇ ಬೇಕಿತ್ತು.

ಅವತ್ತಿಂದ ವೀಡಿಯೊದ ಬಾಯಿ ಕಟ್ಟಿದೆ.
ಮೂರು ನಿಮಿಷದ್ದನ್ನು ಮೂರು ದಿನ ಓಡಿಸಿದೆ.
ನಿಲ್ಲಿಸು. ಇದೀಗ ಎಲ್ಲಿಗೆ ಹೋಗುತ್ತೆ? ಪಂದ್ಯ ಕಟ್ಟಿ.
ಬಿಡು. ಸೋತವರು ಯಾರು? ಯಾಕೆ ಹಾಗಂದುಕೊಂಡಿರಿ?
ಬಣ್ಣದ ಸುಳ್ಳನ್ನು ಸುಳ್ಳೆಂದೇ ಹೇಳಿದೆ:
ನಕಾಶೆಯಲ್ಲಿ ಕುಮುದ್ವತಿ ನೀಲಿ ಇದೆಯಲ್ಲ,
ನಿಮ್ಮವ್ವ ಬಟ್ಟೆ ಒಗೆಯೋ ನೀರು ನೀಲಿನಾ?

ಟ್ಯಾಬು ಬಂದದ್ದು ಒಂದೇ, ಮಕ್ಕಳು ಮೂವತ್ತೊಂದು.
ಗುತ್ಯಪ್ಪನಿಗೆ ಮಾತು ಹಲ್ಲಿನ ಹಿಂದೆಯೇ
ಗೂಟ ಹೊಡೆದುಕೊಂಡು ನಿಲ್ಲುತ್ತದೆ.
'ಹೃ' ಬಂತೆಂದರೆ ಇಡೀ ಕ್ಲಾಸು
ಉಸಿರು ಹಿಡಿದು ನಗಲು ತಯಾರಾಗುತ್ತದೆ.
ಬಿಸಿಯೂಟದ ಅಕ್ಕಿಯ ಕೋಣೆಗೆ ಕಳಿಸಿದೆ ಅವನನ್ನು,
ಕೆಂಪು ಗುಂಡಿ ತೋರಿಸಿ:
ಓದು, ನೀನೇ ಕೇಳು, ಬೇಡವಾದರೆ ಅಳಿಸು.
ಅಳಿಸಬಹುದು ಅನ್ನೋದು ಗೊತ್ತಿರಲಿಲ್ಲ ಅವನಿಗೆ.
ಕ್ಲಾಸು ನಕ್ಕದ್ದನ್ನು ಒರೆಸಲು ಯಾವ ಡಸ್ಟರಿದೆ?

ಹದಿನಾರು ಅಳಿಸಿ, ಹದಿನೇಳನೆಯದನ್ನು
ನನ್ನ ಮೇಜಿನ ಮೇಲೆ ಬೋರಲು ಇಟ್ಟು ಓಡಿದ.

ಸಂಜೆ ಬಸ್ಸಿನಲ್ಲಿ ಕಿವಿಗೊತ್ತಿ ಕೇಳಿದೆ.
'ಹೃದಯವು ನಮ್ಮ ಮುಷ್ಟಿಯಷ್ಟು'—
ಬಂತು, ನಿಂತು ನಿಂತು ಬಂತು.
ಅದರ ಹಿಂದೆ ಇನ್ನೊಂದು ದನಿ, ಗೋಡೆಯಾಚೆಯದು:
'ಬಾಯ್ಮುಚ್ಚಿ ಕೂತ್ಕೊಳ್ಳಿ! ಯಾರದು ಮಾತು?
ಹೇಳಿದ್ದಷ್ಟು ಬರ್ಕೊಳ್ಳಿ!'
ಯಾರಪ್ಪಾ ಈ ಸಿಡುಕಿ ಅಂದುಕೊಂಡೆ.
ಶಿಕಾರಿಪುರ ಬರುವಷ್ಟರಲ್ಲಿ ಗುರುತು ಸಿಕ್ಕಿತು.

ಮರುದಿನ ಕೆಂಪು ಗುಂಡಿಯನ್ನು ನನ್ನ ಕಡೆ ತಿರುಗಿಸಿದೆ.
ರಾತ್ರಿ ಅವರೆಕಾಯಿ ಬಿಡಿಸುತ್ತಾ ಲೆಕ್ಕ ಹಾಕಿದೆ.
ನಲವತ್ತು ನಿಮಿಷದಲ್ಲಿ ನನ್ನದು ಮೂವತ್ತಮೂರು,
ಫ್ಯಾನು, ಹೊರಗಿನ ಲಾರಿ ಸೇರಿ ಎರಡು,
ಮಕ್ಕಳದು ಐದು. ಅದರಲ್ಲಿ ನಾಲ್ಕು 'ಹೌದು ಮಿಸ್'.
ಉಳಿದೊಂದು ನಿಮಿಷ ರೋಜಾಬಾಯಿಯದು,
ಅದನ್ನೂ ಮಧ್ಯೆ ತುಂಡು ಮಾಡಿದ್ದೆ.
ಆ ಫೈಲು ಅಳಿಸಿಲ್ಲ.

ಮೊನ್ನೆ ಎಣಿಸಿದಾಗ ಇಪ್ಪತ್ತಾರಕ್ಕೆ ಇಳಿದಿತ್ತು ನನ್ನದು.
ಇವತ್ತು ರಿಮೋಟು ರೋಜಾಬಾಯಿಯ ಕೈಲಿ,
ನಾನು ಕೊನೇ ಬೆಂಚಿನಲ್ಲಿ, ಗೋಣಿಚೀಲದ ಪಕ್ಕ.
'ನಿಲ್ಲಿಸ್ದೆ' ಅಂತಾಳೆ, 'ಗುತ್ಯಪ್ಪಾ, ಇದೀಗ ಎಲ್ಲಿಗೆ ಹೋಗುತ್ತೆ?'
ಅವನು ಏಳುತ್ತಾನೆ. ಹಲ್ಲಿನ ಹಿಂದೆ ಏನೋ ಗುದ್ದಾಡುತ್ತದೆ.
ಬೆಳಕಿನ ಕೋಲಿನಲ್ಲಿ ಸೀಮೆಸುಣ್ಣದ ಪುಡಿ ತೇಲುತ್ತದೆ.
ಉತ್ತರ ನನ್ನ ನಾಲಿಗೆಯ ತುದಿಗೇ ಬಂದು ಕೂತಿದೆ,
ಕಚ್ಚಿ ಹಿಡಿದಿದ್ದೇನೆ.